ಕಿತ್ತೂರು ಚೆನ್ನಮ್ಮ: ಗೆದ್ದ ದಿನದ ಮರುದಿನ ಏನಾಯಿತು?

ಘಟಪ್ರಭಾ ಸ್ಟೇಷನ್ನಿನಲ್ಲಿ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಬರುತ್ತಿದೆ ಎಂದು ಮೈಕಿನಲ್ಲಿ ಕೂಗಿದಾಗ ನಾವು ಚೀಲ ಎತ್ತಿಕೊಳ್ಳುತ್ತೇವೆ, ಹೆಸರಿನ ಬಗ್ಗೆ ಯೋಚಿಸುವುದಿಲ್ಲ. ನಮಗದು ಬೆಂಗಳೂರಿಗೆ ಹೋಗುವ ಗಾಡಿ, ಅಷ್ಟೆ. ಅರಭಾವಿಯಲ್ಲಿರುವುದು ಕಿತ್ತೂರು ರಾಣಿ ಚೆನ್ನಮ್ಮ ತೋಟಗಾರಿಕೆ ಕಾಲೇಜು. ಗೋಕಾಕ, ಮೂಡಲಗಿ, ಹುಕ್ಕೇರಿಯ ಬಹಳಷ್ಟು ಹುಡುಗ ಹುಡುಗಿಯರು ಡಿಗ್ರಿ ಪಡೆಯುವುದು ರಾಣಿ ಚನ್ನಮ್ಮ ವಿಶ್ವವಿದ್ಯಾಲಯದಿಂದ. 2021ರಲ್ಲಿ ಮುಂಬೈ ಕರ್ನಾಟಕ ಎಂಬ ಹಳೆಯ ಹೆಸರು ಹೋಗಿ ಇಡೀ ಪ್ರದೇಶವೇ ಕಿತ್ತೂರು ಕರ್ನಾಟಕವಾಯಿತು. ಇಷ್ಟು ಹತ್ತಿರ ಇರುವ ಹೆಸರಿನ ಬಗ್ಗೆ ನಮಗೆ ಗೊತ್ತಿರುವುದೆಷ್ಟು ಎಂದು ಕೇಳಿಕೊಂಡರೆ, ನನ್ನ ಮಟ್ಟಿಗೆ ಉತ್ತರ ಇಷ್ಟೇ ಇತ್ತು: ಒಂದು ಕುದುರೆ, ಒಂದು ಖಡ್ಗ, ಕಪ್ಪದ ಬಗ್ಗೆ ಒಂದು ಸಿನಿಮಾ ಮಾತು.

ಪ್ರತಿ ವರ್ಷ ಅಕ್ಟೋಬರ್ 23ರಂದು ಕಿತ್ತೂರಿನಲ್ಲಿ ಉತ್ಸವ ಶುರುವಾಗುತ್ತದೆ. ಅದೇ ದಿನ ನಮ್ಮ ಮನೆಯ ವಾಟ್ಸ್ಆ್ಯಪ್ ಗ್ರೂಪಿಗೆ ಒಂದು ಚಿತ್ರವೂ ಬರುತ್ತದೆ. ಕಪ್ಪು ಬಿಳುಪಿನದು. ಚೆನ್ನಮ್ಮನ ಅಸಲಿ ಫೋಟೊ ಇದೇ, ಎಲ್ಲರಿಗೂ ಕಳಿಸಿರಿ ಎಂಬ ಸೂಚನೆ ಕೆಳಗೆ. ಇದನ್ನು ಒಂದೇ ಲೆಕ್ಕದಲ್ಲಿ ಮುಗಿಸಬಹುದು. ಫೋಟೊ ತೆಗೆಯುವ ವಿಧಾನವನ್ನು ಪ್ಯಾರಿಸ್ಸಿನಲ್ಲಿ ಜಗತ್ತಿನ ಮುಂದೆ ಇಟ್ಟದ್ದು 1839ರಲ್ಲಿ. ಚೆನ್ನಮ್ಮ ತೀರಿಕೊಂಡದ್ದು 1829ರಲ್ಲಿ. ಅದಕ್ಕಿಂತ ಸ್ವಲ್ಪ ಮುಂಚೆ ಫ್ರಾನ್ಸಿನ ನಿಯೆಪ್ಸ್ ಎಂಬಾತ ತನ್ನ ಮನೆಯ ಕಿಟಕಿಯಿಂದ ಕಾಣುವ ನೋಟವನ್ನು ಲೋಹದ ತಗಡಿನ ಮೇಲೆ ಮೂಡಿಸಿದ್ದ, ನಿಜ. ಆದರೆ ಅದಕ್ಕೆ ತಾಸುಗಟ್ಟಲೆ ಬಿಸಿಲು ಬೇಕಾಗಿತ್ತು. ಮನುಷ್ಯರ ಮುಖ ಹಿಡಿಯುವ ಮಾತೇ ಇರಲಿಲ್ಲ. ಹಾಗಾಗಿ ನಾವು ನೋಡುವ ಚೆನ್ನಮ್ಮನ ಫೋಟೊಗಳೆಲ್ಲ ಕಲಾವಿದರ ಕಲ್ಪನೆ, ಇತ್ತೀಚೆಗೆ ಕಂಪ್ಯೂಟರಿನ ಕಲ್ಪನೆ. 2007ರಲ್ಲಿ ಸಂಸತ್ ಭವನದ ಆವರಣದಲ್ಲಿ ನಿಲ್ಲಿಸಿದ ಪ್ರತಿಮೆಯೂ ಕುದುರೆಯ ಮೇಲಿನದೇ.

ನನಗೆ ಚಿತ್ರದ ತಪ್ಪಿಗಿಂತ ಹೆಚ್ಚು ಕಾಡಿದ್ದು ಬೇರೆ. ಈ ಎಲ್ಲ ಚಿತ್ರಗಳೂ ಆಕೆಯನ್ನು ಒಂದೇ ದಿನದಲ್ಲಿ, 1824ರ ಅಕ್ಟೋಬರ್ 23ರಲ್ಲಿ, ನಿಲ್ಲಿಸಿಬಿಡುತ್ತವೆ. ಆ ದಿನದ ನಂತರವೂ ಆಕೆ ನಾಲ್ಕು ವರ್ಷಕ್ಕಿಂತ ಹೆಚ್ಚು ಕಾಲ ಬದುಕಿದ್ದಳು. ಧೈರ್ಯ ಎನ್ನುವುದು ಏನು ಎಂದು ಕೇಳಿದರೆ ನಾನು ಆ ನಾಲ್ಕು ವರ್ಷಗಳ ಕಡೆ ಕೈ ತೋರಿಸುತ್ತೇನೆ.

ಕಾಕತಿಯಿಂದ ಕಿತ್ತೂರಿಗೆ

ಬೆಳಗಾವಿಯಿಂದ ಸಂಕೇಶ್ವರ, ಹುಕ್ಕೇರಿ ಕಡೆ ಬರುವ ಹೆದ್ದಾರಿಯಲ್ಲಿ ಊರು ದಾಟಿದ ಕೂಡಲೇ ಕಾಕತಿ ಸಿಗುತ್ತದೆ. ಚೆನ್ನಮ್ಮ ಹುಟ್ಟಿದ್ದು ಅಲ್ಲಿಯ ದೇಸಾಯಿ ಮನೆತನದಲ್ಲಿ, 1778ರಲ್ಲಿ. ತಂದೆ ಧೂಳಪ್ಪ ದೇಸಾಯಿ, ತಾಯಿ ಪದ್ಮಾವತಿ. ಕುದುರೆ ಸವಾರಿ, ಕತ್ತಿವರಸೆ, ಬಿಲ್ಲುವಿದ್ಯೆ ಚಿಕ್ಕಂದಿನಲ್ಲೇ ಕಲಿತಳು. ಹುಲಿ ಬೇಟೆಯಲ್ಲಿ ಕಿತ್ತೂರಿನ ಮಲ್ಲಸರ್ಜ ದೇಸಾಯಿ ಆಕೆಯನ್ನು ಮೊದಲು ಕಂಡ ಎಂಬ ಕಥೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ಕಥೆಯಾಗಿ ಚೆನ್ನಾಗಿದೆ, ಅದನ್ನು ಕಥೆಯಾಗಿಯೇ ಇಟ್ಟುಕೊಳ್ಳೋಣ. ಮದುವೆಯಾದದ್ದು ಮಾತ್ರ ನಿಜ. ಆಗಲೇ ಆತನಿಗೆ ರುದ್ರಮ್ಮ ಎಂಬ ಹಿರಿಯ ಹೆಂಡತಿ ಇದ್ದಳು.

ಕಿತ್ತೂರಿನ ಅರಮನೆ ಈಗ ಪಾಳು. ಗೋಡೆಗಳು ಮಾತ್ರ ಇನ್ನೂ ದಪ್ಪಗಿವೆ. ಅಲ್ಲಿ ಹೋದವರಿಗೆಲ್ಲ ಒಂದು ಗೋಡೆಯೊಳಗಿನ ಕೊಳವೆಯಂಥ ಕಿಂಡಿಯನ್ನು ತೋರಿಸುತ್ತಾರೆ. ಅದರಲ್ಲಿ ಕಣ್ಣಿಟ್ಟರೆ ರಾತ್ರಿ ಧ್ರುವ ನಕ್ಷತ್ರ ಕಾಣುತ್ತದೆ. ಇದರಲ್ಲಿ ಪವಾಡ ಇಲ್ಲ, ಒಳ್ಳೆಯ ಲೆಕ್ಕ ಇದೆ. ಯಾವುದೇ ಊರಿನಲ್ಲಿ ಧ್ರುವ ನಕ್ಷತ್ರ ದಿಗಂತದಿಂದ ಎಷ್ಟು ಎತ್ತರದಲ್ಲಿ ಕಾಣುತ್ತದೋ ಅದು ಆ ಊರಿನ ಅಕ್ಷಾಂಶಕ್ಕೆ ಹೆಚ್ಚುಕಡಿಮೆ ಸಮ. ಕಿತ್ತೂರು 16 ಡಿಗ್ರಿಗಿಂತ ಸ್ವಲ್ಪ ಕೆಳಗಿದೆ. ಕೈ ಚಾಚಿ ಮುಷ್ಟಿ ಹಿಡಿದರೆ ಮುಷ್ಟಿಯ ಅಗಲ ಸುಮಾರು 10 ಡಿಗ್ರಿ. ಉತ್ತರ ದಿಗಂತದಿಂದ ಒಂದೂವರೆ ಮುಷ್ಟಿ ಮೇಲೆ ನೋಡಿದರೆ ಸಾಕು, ಮೂಡಲಗಿಯ ಮಾಳಿಗೆಯ ಮೇಲಿಂದಲೂ ಸಿಗುತ್ತದೆ. ಇನ್ನೊಂದು ಸಂಗತಿ: ಧ್ರುವ ನಕ್ಷತ್ರ ಅಲುಗಾಡುವುದೇ ಇಲ್ಲ ಎನ್ನುವುದು ಪೂರ್ತಿ ಸರಿಯಲ್ಲ. ಚೆನ್ನಮ್ಮನ ಕಾಲದಲ್ಲಿ ಅದು ನಿಜವಾದ ಉತ್ತರ ಧ್ರುವ ಬಿಂದುವಿನಿಂದ ಒಂದೂವರೆ ಡಿಗ್ರಿಗಿಂತ ಸ್ವಲ್ಪ ಹೆಚ್ಚೇ ದೂರವಿತ್ತು, ಪ್ರತಿ ದಿನ ಒಂದು ಸಣ್ಣ ಸುತ್ತು ಹಾಕುತ್ತಿತ್ತು. ಈಗ ಅದಕ್ಕಿಂತ ಹತ್ತಿರ ಬಂದಿದೆ.

ಅರಮನೆಯ ಹೊರಗಿನ ಲೋಕ ಅಷ್ಟು ಸ್ಥಿರವಾಗಿರಲಿಲ್ಲ. ಕಿತ್ತೂರು ಚಿಕ್ಕ ಸಂಸ್ಥಾನ. ಒಂದು ಕಡೆ ಪುಣೆಯ ಪೇಶ್ವೆ, ಇನ್ನೊಂದು ಕಡೆ ಮೊದಲು ಮೈಸೂರು, ಆಮೇಲೆ ಇಂಗ್ಲಿಷರ ಕಂಪನಿ. 1809ರಲ್ಲಿ ಪೇಶ್ವೆಗೆ ವರ್ಷಕ್ಕೆ 1.75 ಲಕ್ಷ ರೂಪಾಯಿ ಕೊಡಲು ಮಲ್ಲಸರ್ಜ ಒಪ್ಪಿದ. ಆದರೂ ಪೇಶ್ವೆ ಆತನನ್ನು ಪುಣೆಯಲ್ಲಿ ಸೆರೆಯಲ್ಲಿಟ್ಟ. ಬಿಡುಗಡೆಯಾದಾಗ ಆರೋಗ್ಯ ಪೂರ್ತಿ ಕೆಟ್ಟಿತ್ತು. ಊರಿಗೆ ಮರಳುವ ದಾರಿಯಲ್ಲಿ, ನಮ್ಮ ಗೋಕಾಕದ ಹತ್ತಿರದ ಅರಭಾವಿ ಮಠದಲ್ಲಿ, 1816ರಲ್ಲಿ ಕೊನೆಯುಸಿರೆಳೆದ ಎಂದು ಈ ಭಾಗದಲ್ಲಿ ಹೇಳುತ್ತ ಬಂದಿದ್ದಾರೆ. ಅದೇ ಅರಭಾವಿಯಲ್ಲಿ ಇವತ್ತು ಆತನ ಹೆಂಡತಿಯ ಹೆಸರಿನ ಕಾಲೇಜಿದೆ. ಅಲ್ಲಿ ಮಾವು, ದಾಳಿಂಬೆ ಬಗ್ಗೆ ಓದುವ ಎಷ್ಟು ಮಂದಿಗೆ ಇದು ಗೊತ್ತೋ!

38ರ ಆಸುಪಾಸಿನಲ್ಲಿ ಚೆನ್ನಮ್ಮ ವಿಧವೆಯಾದಳು. ಪಟ್ಟಕ್ಕೆ ಬಂದದ್ದು ರುದ್ರಮ್ಮನ ಮಗ ಶಿವಲಿಂಗರುದ್ರಸರ್ಜ. 1818ರಲ್ಲಿ ಪೇಶ್ವೆಯ ವಿರುದ್ಧ ಕಂಪನಿ ಬೆಳಗಾವಿ ಕೋಟೆಗೆ ಮುತ್ತಿಗೆ ಹಾಕಿದಾಗ ಕಿತ್ತೂರು ಕಂಪನಿಗೆ ನೆರವಾಯಿತು. ಇದನ್ನು ನಮ್ಮ ಭಾಷಣಗಳಲ್ಲಿ ಯಾರೂ ಹೇಳುವುದಿಲ್ಲ, ಮುಜುಗರ ಇರಬೇಕು. ಆದರೆ ಗಂಡನನ್ನು ಆ ಸ್ಥಿತಿಗೆ ತಂದವರು ಯಾರು ಎಂದು ನೆನಪಿಟ್ಟುಕೊಂಡರೆ ಆ ಆಯ್ಕೆ ಅರ್ಥವಾಗುತ್ತದೆ.

ಕಪ್ಪದ ಜಗಳವೇ? ಡಾಲ್‌ಹೌಸಿಯ ಕಾನೂನೇ?

ಎರಡೂ ಅಲ್ಲ. ಕಪ್ಪ ಕೊಡುವುದಿಲ್ಲ ಎಂಬ ಮಾತು ನಮ್ಮ ತಲೆಯಲ್ಲಿ ಕುಳಿತದ್ದು ನಾಟಕಗಳಿಂದ, 1961ರ ಕಿತ್ತೂರು ಚೆನ್ನಮ್ಮ ಸಿನಿಮಾದಿಂದ. ಅದರ ನಿರ್ದೇಶಕ ಬಿ. ಆರ್. ಪಂತುಲು ಎರಡು ವರ್ಷ ಮೊದಲು ತಮಿಳಿನಲ್ಲಿ ವೀರಪಾಂಡಿಯ ಕಟ್ಟಬೊಮ್ಮನ್ ಸಿನಿಮಾ ಮಾಡಿದ್ದರು. ಅಲ್ಲಿಯೂ ಕಪ್ಪದ ಬಗ್ಗೆ ನಾಯಕ ಗುಡುಗುವ ದೃಶ್ಯವೇ ಜನಪ್ರಿಯ. ವಾಸ್ತವದಲ್ಲಿ ಕಿತ್ತೂರು ವರ್ಷಗಟ್ಟಲೆ ಹಣ ಕಟ್ಟುತ್ತಿದ್ದ ಸಂಸ್ಥಾನ. ಜಗಳ ಹುಟ್ಟಿದ್ದು ಮುಂದೆ ಆಳುವವರು ಯಾರು ಎಂಬಲ್ಲಿ.

1824ರ ಸೆಪ್ಟೆಂಬರಿನಲ್ಲಿ ಶಿವಲಿಂಗರುದ್ರಸರ್ಜ ಮಕ್ಕಳಿಲ್ಲದೆ ತೀರಿಕೊಂಡ. (ಅಂತರ್ಜಾಲದಲ್ಲಿ ಈತ ಚೆನ್ನಮ್ಮನ ಸ್ವಂತ ಮಗ ಎಂದು ಬರೆದಿರುವುದನ್ನು ನೋಡುತ್ತೀರಿ. ಅಲ್ಲ, ಸವತಿಯ ಮಗ.) ಸಾಯುವ ಮುಂಚೆ ಮಾಸ್ತಮರಡಿ ಗೌಡರ ಮಗ ಶಿವಲಿಂಗಪ್ಪನನ್ನು ದತ್ತು ತೆಗೆದುಕೊಂಡದ್ದಾಗಿ ಕಂಪನಿಗೆ ಪತ್ರ ಹೋಯಿತು. ಧಾರವಾಡದ ಕಲೆಕ್ಟರ್ ಹಾಗೂ ಪೊಲಿಟಿಕಲ್ ಏಜೆಂಟ್ ಸೇಂಟ್ ಜಾನ್ ಥ್ಯಾಕರೆ ಆ ಪತ್ರವನ್ನೇ ನಂಬಲಿಲ್ಲ. ದತ್ತು ಒಪ್ಪುವುದಿಲ್ಲ ಎಂದ, ಕಿತ್ತೂರಿನ ಖಜಾನೆಗೆ ಕಾವಲು ಹಾಕಿದ. ಈತ ಇಂಗ್ಲಿಷ್ ಕಾದಂಬರಿಕಾರ ಥ್ಯಾಕರೆಯ ಚಿಕ್ಕಪ್ಪ.

ದತ್ತು ಮಕ್ಕಳಿಗೆ ಹಕ್ಕಿಲ್ಲ ಎಂಬ ನೀತಿಯನ್ನು ಶಾಲೆಯಲ್ಲಿ ಲಾರ್ಡ್ ಡಾಲ್‌ಹೌಸಿಯ ಹೆಸರಿನೊಂದಿಗೆ ಓದಿದ್ದೇವೆ. ಆತ ಭಾರತಕ್ಕೆ ಬಂದದ್ದು 1848ರಲ್ಲಿ, ಕಿತ್ತೂರಿನ ಯುದ್ಧವಾಗಿ 24 ವರ್ಷಗಳ ನಂತರ. ಅಂದರೆ ಚೆನ್ನಮ್ಮ ಆ ಕಾನೂನನ್ನು ಮುರಿಯಲಿಲ್ಲ. ಕಾನೂನು ಹುಟ್ಟುವ ಮುಂಚೆಯೇ ಅದರ ಅರ್ಥವನ್ನು ಗುರುತಿಸಿದಳು. ಮೊದಲು ಆಕೆ ಹಿಡಿದದ್ದು ಖಡ್ಗವನ್ನಲ್ಲ, ಕಾಗದವನ್ನು. ಮುಂಬಯಿಯ ಗವರ್ನರ್ ಮೌಂಟ್‌ಸ್ಟುವರ್ಟ್ ಎಲ್ಫಿನ್‌ಸ್ಟನ್‌ಗೆ ಕಿತ್ತೂರಿನ ಪರವಾಗಿ ಬರೆದಳು. ಮನವಿ ತಿರಸ್ಕೃತವಾಯಿತು.

ಅಕ್ಟೋಬರ್ 23ರ ಕಥೆ ನಿಮಗೆ ಗೊತ್ತಿರುವುದೇ. ಥ್ಯಾಕರೆ ಕೋಟೆಯ ಬಾಗಿಲು ತೆರೆಯಬೇಕೆಂದು ಗಡುವು ಕೊಟ್ಟ, ಫಿರಂಗಿ ತಿರುಗಿಸಿದ. ಬಾಗಿಲು ತೆರೆಯಿತು, ಒಳಗಿನಿಂದ ಸೈನ್ಯ ನುಗ್ಗಿತು. ಅಮಟೂರು ಬಾಳಪ್ಪನ ಗುಂಡಿಗೆ ಥ್ಯಾಕರೆ ಸತ್ತ. ಹಲವು ಇಂಗ್ಲಿಷ್ ಅಧಿಕಾರಿಗಳೂ ಸತ್ತರು. ಕಂಪನಿಯ ತುಕಡಿ ಓಡಿತು.

ಆರು ವಾರ, ಇಬ್ಬರು ಕೈದಿಗಳು

ಈಗ ಮರುದಿನಕ್ಕೆ ಬರೋಣ. 46 ವರ್ಷದ ವಿಧವೆ. ಗೆದ್ದಿದ್ದಾಳೆ. ಆದರೆ ತಾನು ಗೆದ್ದದ್ದು ಒಂದು ಜಿಲ್ಲೆಯ ಅಧಿಕಾರಿಯನ್ನು, ಆತನ ಹಿಂದೆ ಮುಂಬಯಿ, ಮದ್ರಾಸಿನ ಎರಡು ಪಡೆಗಳಿವೆ ಎಂಬುದು ಆಕೆಗೆ ತಿಳಿಯದ ಸಂಗತಿಯಲ್ಲ. ಕೋಟೆಯೊಳಗೆ ಸ್ಟೀವನ್‌ಸನ್ ಮತ್ತು ವಾಲ್ಟರ್ ಎಲಿಯಟ್ ಎಂಬ ಇಬ್ಬರು ಸೆರೆ ಸಿಕ್ಕ ಅಧಿಕಾರಿಗಳು. ಎಲಿಯಟ್‌ಗೆ ಆಗ ವಯಸ್ಸು 21.

ಯುದ್ಧ ಗೆದ್ದ ಊರಿನಲ್ಲಿ ಶತ್ರುವಿನ ಕಡೆಯವರು ಕೈಗೆ ಸಿಕ್ಕರೆ ಏನಾಗುತ್ತದೆ ಎಂಬುದಕ್ಕೆ ಆ ಕಾಲದ ಉದಾಹರಣೆಗಳು ಬೇಕಾದಷ್ಟಿವೆ. ಕಿತ್ತೂರಿನಲ್ಲಿ ಸತ್ತವರ ಮನೆಗಳಿದ್ದವು, ಸಿಟ್ಟಿತ್ತು. ಆದರೂ ಆ ಇಬ್ಬರ ಜೀವಕ್ಕೆ ಅಪಾಯವಾಗಲಿಲ್ಲ. ಸುಮಾರು ಆರು ವಾರ ಅವರು ಕಿತ್ತೂರಿನ ಸೆರೆಯಲ್ಲಿ ಸುರಕ್ಷಿತವಾಗಿದ್ದರು. ಅಷ್ಟೂ ದಿನ ಪುಣೆಯ ಕಮಿಷನರ್ ಚಾಪ್ಲಿನ್ ಜೊತೆ ಮಾತುಕತೆ ನಡೆಯಿತು. ಇದು ಬರೀ ದಯೆ ಎಂದು ನಾನು ಹೇಳುವುದಿಲ್ಲ. ಕೈದಿಗಳು ಜೀವಂತ ಇರುವವರೆಗೆ ಮಾತಿಗೆ ದಾರಿ ಇತ್ತು. ಆದರೆ ಲೆಕ್ಕಾಚಾರ ಇದ್ದ ಮಾತ್ರಕ್ಕೆ ಅದು ಧೈರ್ಯವಲ್ಲ ಎಂದೂ ಅಲ್ಲ. ಗೆದ್ದ ಅಮಲಿನಲ್ಲಿರುವ ಊರನ್ನು ತಡೆದು ಹಿಡಿಯುವುದು ಕೋಟೆಯ ಬಾಗಿಲು ತೆರೆದು ನುಗ್ಗುವುದಕ್ಕಿಂತ ಸುಲಭದ ಕೆಲಸ ಎಂದು ನನಗೆ ಅನಿಸುವುದಿಲ್ಲ.

ಮನಃಶಾಸ್ತ್ರದಲ್ಲಿ ಭರವಸೆಯ ಬಗ್ಗೆ ಒಂದು ಹೆಸರಾಂತ ಸಿದ್ಧಾಂತ ಇದೆ. ಅಮೆರಿಕದ ಸಿ. ಆರ್. ಸ್ನೈಡರ್ 1990ರ ದಶಕದಲ್ಲಿ ಮುಂದಿಟ್ಟದ್ದು. ಎಲ್ಲ ಒಳ್ಳೆಯದಾಗುತ್ತದೆ ಎಂದು ಕಾಯುತ್ತ ಕೂರುವುದಕ್ಕೆ ಅವರು ಭರವಸೆ ಎನ್ನಲಿಲ್ಲ. ಮುಂದೊಂದು ಗುರಿ ಇರಬೇಕು, ಅಲ್ಲಿಗೆ ಹೋಗುವ ದಾರಿಗಳನ್ನು ಹುಡುಕುವ ಬುದ್ಧಿ ಇರಬೇಕು, ಆ ದಾರಿಯಲ್ಲಿ ನಡೆಯಬಲ್ಲೆ ಎಂಬ ಹುಮ್ಮಸ್ಸು ಇರಬೇಕು. ಒಂದು ದಾರಿ ಮುಚ್ಚಿದರೆ ಇನ್ನೊಂದನ್ನು ಯೋಚಿಸುವುದೇ ಅದರ ಗುರುತು. 200 ವರ್ಷ ಹಿಂದೆ ತೀರಿಹೋದವರ ಮನಸ್ಸನ್ನು ಅಳೆಯಲು ನಮ್ಮಲ್ಲಿ ಪ್ರಶ್ನಾವಳಿ ಇಲ್ಲ. ಮಾಡಿದ ಕೆಲಸಗಳನ್ನು ಮಾತ್ರ ನೋಡಬಹುದು: ದತ್ತು, ಪತ್ರ, ಯುದ್ಧ, ಮತ್ತೆ ಪತ್ರ, ಕೈದಿಗಳ ಮೇಲೆ ಚೌಕಾಸಿ.

ಯುದ್ಧ ನಿಲ್ಲುತ್ತದೆ ಎಂಬ ಮಾತಿನ ಮೇಲೆ ಡಿಸೆಂಬರ್ ಆರಂಭದಲ್ಲಿ ಎಲಿಯಟ್, ಸ್ಟೀವನ್‌ಸನ್ ಇಬ್ಬರನ್ನೂ ಬಿಟ್ಟಳು. ಯುದ್ಧ ನಿಲ್ಲಲಿಲ್ಲ. ಕಂಪನಿಯ ದೊಡ್ಡ ಪಡೆ ಕೋಟೆಯ ಮುಂದಿತ್ತು.

ಬಿಡುಗಡೆಯಾದ ಆ ಹುಡುಗನ ಮುಂದಿನ ಬದುಕನ್ನು ಇಲ್ಲಿ ಹೇಳಲೇಬೇಕು, ಏಕೆಂದರೆ ನಮ್ಮಂಥ ವಿಜ್ಞಾನದ ಪುಟಕ್ಕೆ ಅದಕ್ಕಿಂತ ಹತ್ತಿರದ ಕಥೆ ಸಿಗುವುದಿಲ್ಲ. ವಾಲ್ಟರ್ ಎಲಿಯಟ್ ಮುಂದೆ ಸುಮಾರು ಒಂಬತ್ತು ವರ್ಷ ಈ ಭಾಗದಲ್ಲೇ ಕೆಲಸ ಮಾಡಿದ. ಕನ್ನಡ ಶಾಸನಗಳನ್ನು ಊರೂರಿಂದ ನಕಲು ಮಾಡಿಸಿದ. 595 ಶಾಸನಗಳ ಆ ಸಂಗ್ರಹ ಚಾಲುಕ್ಯರ ಇತಿಹಾಸ ಬರೆಯುವವರಿಗೆ ಮೊದಲ ಆಧಾರಗಳಲ್ಲೊಂದಾಯಿತು. 1839ರಲ್ಲಿ ದಕ್ಷಿಣ ಮರಾಠಾ ಸೀಮೆಯ, ಅಂದರೆ ನಮ್ಮದೇ ಧಾರವಾಡ–ಬೆಳಗಾವಿ ಕಡೆಯ, ಸಸ್ತನಿಗಳ ಪಟ್ಟಿಯೊಂದನ್ನು ಮದ್ರಾಸಿನ ಪತ್ರಿಕೆಯಲ್ಲಿ ಪ್ರಕಟಿಸಿದ. ಅದರಲ್ಲಿ ಪ್ರಾಣಿಗಳ ಕನ್ನಡ ಹೆಸರುಗಳನ್ನೂ ದಾಖಲಿಸಿದ. ಪೊದೆಗಳಲ್ಲಿ ಗೂಡು ಕಟ್ಟುವ ಒಂದು ಕಾಡಿಲಿಯನ್ನು ನಮ್ಮ ಜನ ಗುಲಂದಿ ಎನ್ನುತ್ತಿದ್ದರು. ಇವತ್ತಿಗೂ ಜಗತ್ತಿನ ಪ್ರಾಣಿಶಾಸ್ತ್ರದಲ್ಲಿ ಅದರ ಹೆಸರು ಗೊಲುಂಡಾ ಎಲಿಯಟೈ: ಮೊದಲ ಪದ ನಮ್ಮ ಗುಲಂದಿ, ಎರಡನೆಯದು ಕಿತ್ತೂರಿನ ಕೈದಿ. ದಕ್ಷಿಣ ಭಾರತದ ಮರಮೂಗಿಲಿಯಂಥ ಒಂದು ಜೀವಿಗೂ, ಅನಥಾನಾ ಎಲಿಯಟೈ ಎಂದು, ಆತನದೇ ಹೆಸರಿದೆ. ಮುದಿ ವಯಸ್ಸಿನಲ್ಲಿ ಕಣ್ಣು ಕಾಣದಿದ್ದರೂ ದಕ್ಷಿಣ ಭಾರತದ ನಾಣ್ಯಗಳ ಬಗ್ಗೆ ಪುಸ್ತಕ ಮುಗಿಸಿ 1887ರಲ್ಲಿ ಸ್ಕಾಟ್ಲೆಂಡಿನಲ್ಲಿ ತೀರಿಕೊಂಡ. ಇದೆಲ್ಲ ಆಗಲಿ ಎಂದು ಚೆನ್ನಮ್ಮ ಆತನನ್ನು ಉಳಿಸಿದಳು ಎನ್ನುವುದು ಮೂರ್ಖತನ. ಉಳಿದದ್ದರಿಂದ ಇದೆಲ್ಲ ಆಯಿತು, ಅಷ್ಟೇ.

ಮದ್ದಿಗೆ ಸಗಣಿ ಬೆರೆಸಿದರೇ?

ಎರಡನೆಯ ಯುದ್ಧ ಡಿಸೆಂಬರ್ ಮೊದಲ ವಾರದಲ್ಲೇ ಮುಗಿಯಿತು. ಕೋಟೆ ಬಿತ್ತು. ಈ ಸಲ ಕಂಪನಿಯ ಕಡೆ ಸತ್ತವರಲ್ಲಿ ಸೊಲ್ಲಾಪುರದ ಸಬ್ ಕಲೆಕ್ಟರ್ ಮನ್ರೊ ಒಬ್ಬ, ಮದ್ರಾಸಿನ ಗವರ್ನರ್ ಥಾಮಸ್ ಮನ್ರೊನ ಸಂಬಂಧಿ.

ಸೋತದ್ದಕ್ಕೆ ಲಾವಣಿಗಳು ಕೊಡುವ ಕಾರಣ ಒಂದೇ: ಮಲ್ಲಪ್ಪ ಶೆಟ್ಟಿ, ವೆಂಕಟರಾವ್ ಎಂಬ ಇಬ್ಬರು ದ್ರೋಹ ಮಾಡಿದರು, ಮದ್ದಿನಲ್ಲಿ ಸಗಣಿ, ಕಾಳು ಬೆರೆಸಿದರು, ಫಿರಂಗಿ ಹಾರಲಿಲ್ಲ. ಹಾಗೆ ಬೆರೆಸಿದರೆ ನಿಜವಾಗಿಯೂ ಹಾರುವುದಿಲ್ಲವೇ? ಹಾರುವುದಿಲ್ಲ. ಹಳೆಯ ಕರಿಮದ್ದಿನಲ್ಲಿ 100 ಪಾಲಿಗೆ ಸುಮಾರು 75 ಪಾಲು ಪೆಟ್ಲುಪ್ಪು, 15 ಇದ್ದಿಲು, 10 ಗಂಧಕ. ಉರಿಯಲು ಬೇಕಾದ ಆಮ್ಲಜನಕವನ್ನು ಪೆಟ್ಲುಪ್ಪು ತನ್ನೊಳಗಿಂದಲೇ ಕೊಡುತ್ತದೆ. ಅದಕ್ಕೇ ಫಿರಂಗಿಯ ಮುಚ್ಚಿದ ನಳಿಗೆಯೊಳಗೂ ಮದ್ದು ಧಗ್ಗೆಂದು ಹತ್ತಿಕೊಳ್ಳುವುದು. ಈ ಮೂರೂ ಪುಡಿ ಒಂದಕ್ಕೊಂದು ಅಂಟಿಕೊಂಡಂತೆ ಬೆರೆತಿರಬೇಕು, ಒಣಗಿರಬೇಕು. ಹಸಿ ಸಗಣಿ ಸೇರಿದರೆ ನೀರಿನಂಶಕ್ಕೆ ಪೆಟ್ಲುಪ್ಪು ಕರಗಿ ಬೇರೆಯಾಗುತ್ತದೆ. ಕಾಳು ಸೇರಿದರೆ ನಡುನಡುವೆ ತಡೆ ಬಿದ್ದಂತೆ. ಮದ್ದು ಸಿಡಿಯುವ ಬದಲು ಬುಸುಗುಟ್ಟಿ ಹೊಗೆಯಾಗುತ್ತದೆ. ತಮಾಷೆ ಎಂದರೆ, ಆ ಕಾಲದಲ್ಲಿ ಪೆಟ್ಲುಪ್ಪು ಸಿಗುತ್ತಿದ್ದದ್ದೇ ದನದ ಕೊಟ್ಟಿಗೆಯ ಮಣ್ಣಿನಿಂದ. ಸಗಣಿ, ಗಂಜಲ ಇಂಗಿದ ನೆಲದಲ್ಲಿ ಸೂಕ್ಷ್ಮಜೀವಿಗಳು ಸಾರಜನಕವನ್ನು ನೈಟ್ರೇಟ್ ಮಾಡಿಡುತ್ತವೆ. ಜನ ಅದನ್ನು ನೀರಿನಲ್ಲಿ ಸೋಸಿ ಕುದಿಸಿ ಹರಳು ಮಾಡುತ್ತಿದ್ದರು.

ಹೀಗೆ ರಸಾಯನಶಾಸ್ತ್ರ ಲಾವಣಿಯ ಪರವಾಗಿ ನಿಲ್ಲುತ್ತದೆ. ಆದರೆ ಆಗಬಹುದಾಗಿತ್ತು ಎನ್ನುವುದು ಆಯಿತು ಎಂಬುದಕ್ಕೆ ಸಾಕ್ಷಿಯಲ್ಲ. ನನಗೆ ಈ ಕಥೆಯ ಬಗ್ಗೆ ಇನ್ನೊಂದು ತಕರಾರಿದೆ. ಇಬ್ಬರು ದ್ರೋಹಿಗಳ ತಲೆಗೆ ಎಲ್ಲವನ್ನೂ ಕಟ್ಟಿದರೆ, ದ್ರೋಹವಾಗದಿದ್ದರೆ ಗೆಲ್ಲುತ್ತಿದ್ದೆವು ಎಂಬ ಸಮಾಧಾನ ಸಿಗುತ್ತದೆ. ಆಗ ಒಂದು ಚಿಕ್ಕ ಸಂಸ್ಥಾನ ಎಷ್ಟು ದೊಡ್ಡ ಶಕ್ತಿಯ ಎದುರು, ಸೋಲುವ ಸಾಧ್ಯತೆ ಗೊತ್ತಿದ್ದೂ ನಿಂತಿತು ಎಂಬುದೇ ಮರೆಯಾಗುತ್ತದೆ.

ಹಾಗೆಂದು ಎದುರಿನ ಪಡೆಯನ್ನು ಉಬ್ಬಿಸಿಯೂ ಹೇಳಬಾರದು. ಮದ್ರಾಸ್ ಕುದುರೆ ಫಿರಂಗಿ ದಳದ ಮೂರನೆಯ ಟ್ರೂಪ್ ಮುಂತಾದವರ 20,797 ಜನ, 437 ಫಿರಂಗಿ ಎಂಬ ಸಂಖ್ಯೆ ನೂರಾರು ಪುಟಗಳಲ್ಲಿ ನಕಲಾಗಿದೆ. ಅಂಥ ಒಂದು ಟ್ರೂಪಿಗೆ ಇರುತ್ತಿದ್ದದ್ದು ಸಾಮಾನ್ಯವಾಗಿ ಆರು ಫಿರಂಗಿ. 437 ಆಗಬೇಕಾದರೆ 70ಕ್ಕೂ ಹೆಚ್ಚು ಟ್ರೂಪ್ ಬೇಕು. ಮಕ್ಕಳ ಪ್ರಬಂಧದಲ್ಲಿ ಈ ಸಂಖ್ಯೆ ಕಂಡರೆ ಕೆಂಪು ಗೆರೆ ಎಳೆಯಿರಿ.

ಬೈಲಹೊಂಗಲದ ನಾಲ್ಕು ವರ್ಷ

ಸೆರೆಯಾದ ಚೆನ್ನಮ್ಮನನ್ನು ಬೈಲಹೊಂಗಲದ ಕೋಟೆಯಲ್ಲಿಟ್ಟರು. ಜೊತೆಗೆ ಸೊಸೆ ವೀರವ್ವ. ಕಿತ್ತೂರಿಗೆ ಒಂದು ಗಂಟೆಯೊಳಗಿನ ದಾರಿ, ಈಗಿನ ಬಸ್ಸಿನಲ್ಲಿ. ಖಜಾನೆ ಹೋಗಿತ್ತು, ಸಂಸ್ಥಾನ ಹೋಗಿತ್ತು. ಚಿತ್ರಗಾರರಿಗೆ, ಸಿನಿಮಾದವರಿಗೆ ಇಲ್ಲಿ ತೋರಿಸಲು ಏನೂ ಇಲ್ಲ. ಕುದುರೆ ಇಲ್ಲ, ಖಡ್ಗ ಇಲ್ಲ. ವಯಸ್ಸಾಗುತ್ತಿರುವ ಒಬ್ಬ ಹೆಂಗಸು, ನಾಲ್ಕು ಗೋಡೆ, ಕಾವಲು.

ಅಲ್ಲಿಗೆ ಸಂಗೊಳ್ಳಿ ರಾಯಣ್ಣ ವೇಷ ಮರೆಸಿಕೊಂಡು ಬರುತ್ತಿದ್ದ ಎಂದು ಜನಪದ ಹೇಳುತ್ತದೆ. ರಾಯಣ್ಣ ಸಂಗೊಳ್ಳಿಯ ಶೇತಸನದಿ, ಅಂದರೆ ಊರಿನ ಕಾವಲು ಚಾಕರಿಗೆ ಪ್ರತಿಯಾಗಿ ಜಮೀನು ಪಡೆದವನು. 1824ರ ಯುದ್ಧದಲ್ಲಿ ಸೆರೆಸಿಕ್ಕಿ, ಆಮೇಲೆ ಕ್ಷಮಾದಾನದಲ್ಲಿ ಬಿಡುಗಡೆಯಾಗಿದ್ದ. ಕಂಪನಿ ಆತನ ಜಮೀನಿನ ಒಂದು ಭಾಗ ಕಿತ್ತುಕೊಂಡಿತು, ಉಳಿದದ್ದಕ್ಕೆ ಭಾರೀ ಕಂದಾಯ ಹಾಕಿತು. ಸೋತ ಊರಿನಲ್ಲಿ ಸಾಮಾನ್ಯ ರೈತರ ಪಾಡು ಹೇಗಿತ್ತು ಎಂಬುದಕ್ಕೆ ಇಷ್ಟು ಸಾಕು.

ಇಲ್ಲೊಂದು ತಪ್ಪನ್ನು ತಿದ್ದಲೇಬೇಕು. ರಾಯಣ್ಣ ಸೆರೆಯಾದ ಸುದ್ದಿ ಕೇಳಿ ಎದೆಯೊಡೆದು ಚೆನ್ನಮ್ಮ ಸತ್ತಳು ಎಂದು ನಾಟಕಗಳಲ್ಲಿ ತೋರಿಸುತ್ತಾರೆ. ನಾನೂ ಚಿಕ್ಕವಳಿದ್ದಾಗ ಜಾತ್ರೆಯ ನಾಟಕದಲ್ಲಿ ಅದನ್ನು ನೋಡಿ ಅತ್ತಿದ್ದೇನೆ. ತಾರೀಕು ಹೊಂದುವುದಿಲ್ಲ. ಚೆನ್ನಮ್ಮ ತೀರಿಕೊಂಡದ್ದು 1829ರ ಫೆಬ್ರುವರಿಯಲ್ಲಿ. ರಾಯಣ್ಣ ಮೋಸದಿಂದ ಸೆರೆಯಾದದ್ದು 1830ರ ಏಪ್ರಿಲ್‌ನಲ್ಲಿ, 14 ತಿಂಗಳ ನಂತರ. ಆತನ ಬಂಡಾಯ ಜೋರಾಗಿದ್ದದ್ದೂ ಆಕೆಯ ಸಾವಿನ ನಂತರವೇ.

ಇದು ಬರೀ ತಾರೀಕಿನ ತಿದ್ದುಪಡಿ ಅಲ್ಲ. ನಾಟಕದ ಚೆನ್ನಮ್ಮನಿಗೆ ಉತ್ತರ ಸಿಕ್ಕಿದೆ: ಎಲ್ಲ ಮುಗಿಯಿತು ಎಂಬ ಉತ್ತರ. ನಿಜವಾದ ಚೆನ್ನಮ್ಮನಿಗೆ ಯಾವ ಉತ್ತರವೂ ಸಿಗಲಿಲ್ಲ. ತಾನು ಒಪ್ಪಿದ ದತ್ತುಮಗನನ್ನು ಪಟ್ಟಕ್ಕೆ ಕೂರಿಸಲು ಒಬ್ಬ ಶೇತಸನದಿ ನೂರಾರು ಜನರನ್ನು ಕಟ್ಟಿಕೊಂಡು ಖಾನಾಪುರದ ಕಾಡುಗಳಲ್ಲಿ ತಿರುಗುತ್ತಾನೆ, ಬೀಡಿಯ ಸರ್ಕಾರಿ ಕಚೇರಿಗೆ ಬೆಂಕಿ ಹಚ್ಚುತ್ತಾನೆ, ಕಂಪನಿಯ ಖಜಾನೆ ಲೂಟಿ ಮಾಡುತ್ತಾನೆ ಎಂಬುದನ್ನು ಆಕೆ ಕಾಣಲಿಲ್ಲ. ಆತನನ್ನು 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿಸಿದ್ದನ್ನೂ ಕಾಣಲಿಲ್ಲ.

ನಂದಗಡದಲ್ಲಿ ರಾಯಣ್ಣನ ಸಮಾಧಿಯ ಹತ್ತಿರ ಒಂದು ದೊಡ್ಡ ಆಲದ ಮರವಿದೆ. ಗೆಳೆಯ ಬಿಚ್ಚುಗತ್ತಿ ಚನ್ನಬಸಪ್ಪ ಸಮಾಧಿಯ ಮೇಲೆ ನೆಟ್ಟ ಕಟ್ಟಿಗೆಯ ಗೂಟವೇ ಚಿಗುರಿ ಮರವಾಯಿತು ಎನ್ನುತ್ತಾರೆ. ಕೇಳಿದ ಕೂಡಲೇ ನಗುವವರಿದ್ದಾರೆ, ನಗಬೇಡಿ. ಆಲದ ಹಸಿ ಕೊಂಬೆಯನ್ನು ಕಡಿದು ನೆಟ್ಟರೆ ಅದು ಬೇರು ಬಿಡುತ್ತದೆ, ನಮ್ಮ ರೈತರಿಗೆಲ್ಲ ಇದು ಗೊತ್ತು. ತೊಗಟೆಯ ಕೆಳಗೆ ಕ್ಯಾಂಬಿಯಂ ಎಂಬ ತೆಳುವಾದ ಜೀವಂತ ಪದರ ಇರುತ್ತದೆ. ಅದು ಒಣಗದಿದ್ದರೆ, ಮಣ್ಣಿನಲ್ಲಿ ತೇವ ಸಿಕ್ಕರೆ, ಅದರ ಜೀವಕೋಶಗಳು ವಿಭಜನೆಯಾಗಿ ಹೊಸ ಬೇರು ಹೊರಡಿಸುತ್ತವೆ. ಗಾಳಿಯಲ್ಲೇ ಬಿಳಲು ಬಿಡುವ ಮರಕ್ಕೆ ಇದು ದೊಡ್ಡ ಕೆಲಸವಲ್ಲ. ಗೂಟ ಪೂರ್ತಿ ಒಣಗಿದ್ದರೆ ಮಾತ್ರ ಚಿಗುರುವುದಿಲ್ಲ. ಮಕ್ಕಳಾಗಲಿ ಎಂದು ಹರಸಿಕೊಂಡವರು ಆ ಮರಕ್ಕೆ ಪುಟ್ಟ ತೊಟ್ಟಿಲು ಕಟ್ಟುತ್ತಾರೆ. ತೊಟ್ಟಿಲಿನಿಂದ ಗರ್ಭ ನಿಲ್ಲುವುದಿಲ್ಲ, ವರ್ಷದಿಂದ ಪ್ರಯತ್ನಿಸುತ್ತಿರುವವರು ಗಂಡ ಹೆಂಡತಿ ಇಬ್ಬರೂ ತಪಾಸಣೆ ಮಾಡಿಸಿಕೊಳ್ಳಬೇಕು. ಹೀಗೆ ಹೇಳುತ್ತಲೇ ನಾನು ಆ ತೊಟ್ಟಿಲುಗಳ ಮುಂದೆ ಸುಮ್ಮನೆ ಸ್ವಲ್ಪ ಹೊತ್ತು ನಿಂತಿದ್ದೆ.

ಚೆನ್ನಮ್ಮನ ಸಮಾಧಿ ಬೈಲಹೊಂಗಲ ಊರೊಳಗೇ ಇದೆ. ಕಿತ್ತೂರಿಗೆ ಹೋಗುವಷ್ಟು ಜನ ಅಲ್ಲಿಗೆ ಹೋಗುವುದಿಲ್ಲ. ಗೋಕಾಕ, ಮೂಡಲಗಿಯಿಂದ ಹೊರಟರೆ ಯರಗಟ್ಟಿ ಮೇಲೆ ಒಂದೇ ದಿನದಲ್ಲಿ ಎರಡನ್ನೂ ನೋಡಿ ಬರಬಹುದು. ಕೋಟೆಯನ್ನು ಮೊದಲು ನೋಡಿ, ಆಮೇಲೆ ಸಮಾಧಿಗೆ ಬನ್ನಿ. ಆಕೆ ಹೋದದ್ದೂ ಅದೇ ದಾರಿಯಲ್ಲಿ.